ಕಡಲಿಗೆ ಒಯ್ದ ಉಡಿ

ಕಾಲುವೆಯ ನೀರು ನಿಲ್ಲಿಸಿದ ನಾಲ್ಕೈದು ದಿನಕ್ಕೆ ನಮ್ಮ ಕಡೆ ಒಂದು ವಾಸನೆ ಏಳುತ್ತದೆ. ಪಾಚಿ ಒಣಗುವ ವಾಸನೆ, ಕೆಸರು ಬಿರಿಯುವ ವಾಸನೆ, ಅವೆರಡರ ಅಡಿಗೆ ತೆಳ್ಳಗೆ ಮೀನಿನ ವಾಸನೆ. ಹೊರಗಿನವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ನಮಗೆ ಅದು ಬೇಸಿಗೆ ಬಂತೆಂಬ ಸುದ್ದಿ.

ಈ ಸಲ ಶಹಾಪುರಕ್ಕೆ ಹೋಗಿ ವನದುರ್ಗಕ್ಕೆ ಮರಳುವಾಗ ನಾನು ಕೂತಿದ್ದ ಶೇರ್ ಆಟೊ ಕಾಲುವೆಯ ಸೇತುವೆಯ ಹತ್ತಿರ ಪಂಚರ್ ಆಯಿತು. ಇಳಿದು ಏರಿಯ ಮೇಲೆ ನಿಂತೆ. ಕೆಳಗೆ ತೂಬಿನ ಬಾಯಿಯಲ್ಲಿ ಮೊಣಕಾಲುದ್ದದ ಹೊಂಡವೊಂದು ಉಳಿದಿತ್ತು. ಅದರಲ್ಲಿ ಬೆರಳುದ್ದದ ಮೀನುಗಳು ಬಾಯಿ ಮೇಲೆ ಮಾಡಿ ಗಾಳಿ ನುಂಗುತ್ತಿದ್ದವು. ಡ್ರೈವರ್ ಚಕ್ರ ಬದಲಿಸುವವರೆಗೆ ನಾನು ಅವನ್ನೇ ನೋಡುತ್ತಿದ್ದೆ. ನನ್ನ ಮಗಳು ರೇಣುಕಾ ಕಾಲೇಜಿಗೆ ಹೋದ ವರ್ಷ ಶುರುವಾದದ್ದು ಇಂಥದೇ ಒಂದು ಹೊಂಡದಿಂದ.

ಆಗ ಅವಳು ಪಿಯುಸಿ ಎರಡನೇ ವರ್ಷದ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ನಾನು ವನದುರ್ಗದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಹುಟ್ಟಿದ ಊರು ಇದಲ್ಲ. ನಾನೂ ನನ್ನ ಹೆಂಡತಿ ದೇವಮ್ಮನೂ ಸುರಪುರ ತಾಲೂಕಿನ ಕೃಷ್ಣಾ ದಂಡೆಯವರು, ಅಂಬಿಗರು. ನನ್ನ ಅಪ್ಪನೂ ಅವಳ ಅಪ್ಪನೂ ಒಂದೇ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದವರು. ಸೇತುವೆಯಾದ ಮೇಲೆ ಹರಿಗೋಲುಗಳು ದಂಡೆಯ ಮೇಲೆ ಬೋರಲಾದವು. ಕಾಲುವೆ ಬಂದ ಮೇಲೆ ದಂಡೆಯ ಜನ ಒಬ್ಬೊಬ್ಬರಾಗಿ ಹೊಲದ ಕೆಲಸಕ್ಕೆ ಬಿದ್ದರು. ನನಗೆ ನೌಕರಿ ಸಿಕ್ಕಿತು. ಶಾಲೆಯ ಜತೆಗೆ ಕಾಲುವೆಯ ಕೆಳಗೆ ಎರಡು ಎಕರೆ ನೆಲ್ಲಿನ ಗದ್ದೆ ಹಿಡಿದು ಇಲ್ಲೇ ಉಳಿದೆ.

ದೇವಮ್ಮ ಸಣ್ಣವಳಿದ್ದಾಗ, ಹೊಳೆ ತುಂಬಿ ಬಂದ ಒಂದು ದಿನ, ಅವಳ ಅಪ್ಪ ಆಚೆ ದಂಡೆಯಲ್ಲಿ ಕಾಯುತ್ತಿದ್ದ ಬಾಣಂತಿಯೊಬ್ಬಳನ್ನು ಕರೆತರಲು ಹರಿಗೋಲು ಹಾಕಿಕೊಂಡು ಹೋದ. ಹರಿಗೋಲು ಎರಡು ಊರು ಕೆಳಗೆ ಸಿಕ್ಕಿತು. ಅವನು ಸಿಗಲಿಲ್ಲ. ಅವಳ ಅವ್ವ ಸಾಯುವತನಕ ಹಣೆಯ ಕುಂಕುಮ ಅಳಿಸಲು ಒಪ್ಪಲಿಲ್ಲ. ಮದುವೆಯಾದ ಹೊಸದರಲ್ಲಿ ದೇವಮ್ಮ ನನಗೆ ಇಷ್ಟು ಹೇಳಿದ್ದಳು. ಆಮೇಲೆ ಆ ದಿನದ ಮಾತು ಅವಳು ಎತ್ತಲಿಲ್ಲ, ನಾನು ಕೇಳಲಿಲ್ಲ.

ಆದರೆ ವನದುರ್ಗಕ್ಕೆ ಬಂದು ಅಷ್ಟು ವರ್ಷವಾದರೂ ಅವಳು ಕಾಲುವೆಯ ಮೆಟ್ಟಿಲಿಗೆ ಒಮ್ಮೆಯೂ ಇಳಿದಿರಲಿಲ್ಲ. ಓಣಿಯ ಹೆಂಗಸರೆಲ್ಲ ಬಟ್ಟೆ ಗಂಟು ಹೊತ್ತು ಅಲ್ಲಿಗೆ ಹೋದರೆ ಇವಳು ಬೋರಿನ ನೀರು ಹೊತ್ತು ತಂದು ಮನೆಯ ಹಿಂದೆ ಒಗೆಯುವಳು. ಯಾರಾದರೂ ಕೇಳಿದರೆ, "ಕೆನಾಲ ಅಂದ್ರ ಏನ್ ಬ್ಯಾರೆ? ಹೊಳಿನೇ ಅದು. ಹೆಸರು ಬದಲಿ ಮಾಡ್ಯಾರ ಅಷ್ಟ," ಅನ್ನುವಳು.

ಅಂಥವಳ ಮಗಳಿಗೆ ಈಜು ಕಲಿಸಿದವನು ಅವಳ ತಮ್ಮ ಸಾಬಣ್ಣ. ಅವನು ಹೊಳೆದಂಡೆಯ ಊರಿನಲ್ಲೇ ಉಳಿದು ಇನ್ನೂ ಮೀನು ಹಿಡಿಯುತ್ತಿದ್ದ. ಕಾಲುವೆಯ ನೀರು ನಿಂತ ಸುದ್ದಿ ಬಂದರೆ ಸಾಕು, ಬೀಸುಬಲೆ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದುಬಿಡುವನು. ಹೊಂಡಗಳಲ್ಲಿ ಉಳಿದ ಮೀನು ಹಿಡಿದು ಗೋಗಿಯ ಸಂತೆಗೆ ಒಯ್ಯುವುದು ಅವನ ಬೇಸಿಗೆಯ ಕೆಲಸ. ರೇಣುಕಾ ಅವನ ಬೆನ್ನು ಹತ್ತಿ ಹೋಗುವಳು. ಅವ್ವನಿಗೆ ಹೇಳುವುದು, ಗೆಳತಿಯ ಮನೆ ಎಂದು.

ಆ ವರ್ಷ ಒಂದು ಮಧ್ಯಾಹ್ನ ನಾನು ಗದ್ದೆಯಿಂದ ಬರುವಾಗ ಇಬ್ಬರೂ ತೂಬಿನ ಹತ್ತಿರ ಇದ್ದರು. ಸಾಬಣ್ಣ ಬಲೆ ಬೀಸಿ ದೊಡ್ಡ ಮೀನು ಎತ್ತಿ ಆಗಿತ್ತು. ರೇಣುಕಾ ಮಾತ್ರ ಕೆಸರಲ್ಲಿ ಕೂತು ಉಳಿದ ಮರಿಗಳನ್ನು ಬೊಗಸೆಯಿಂದ ಪ್ಲಾಸ್ಟಿಕ್ ಕೊಡಕ್ಕೆ ತುಂಬುತ್ತಿದ್ದಳು.

"ಮಾಮ, ಇವು ಬಾಯಿ ಮ್ಯಾಲ ಮಾಡಿ ಯಾಕ ಗುಟಕರಿಸ್ತಾವ?"

"ಉಸಿರ ಸಾಲವಲ್ದು."

"ನೀರಾಗ ಇದ್ದೂ?"

"ನೀರ ಇದ್ರ ಆತೇನ? ಕಾದ ನೀರಾಗ ಉಸಿರ ಇರಂಗಿಲ್ಲ." ಸಾಬಣ್ಣ ಬೀಡಿ ಹಚ್ಚಿದ. "ಸಂಜಿಯೊಳಗ ಅವು ತೀರಿ ಹೋಗ್ತಾವ. ಬಿಡು, ಎಷ್ಟಂತ ತುಂಬ್ತಿ?"

ಅವಳು ಬಿಡಲಿಲ್ಲ. ಕೊಡ ಸೊಂಟಕ್ಕಿಟ್ಟು ನಮ್ಮ ಗದ್ದೆಯ ಬಾವಿಗೆ ಹೋಗಿ ಸುರಿದು ಬಂದಳು. ಮತ್ತೆ ಹೋದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಲಂಗದ ಅಂಚು ಕೆಸರಿನಿಂದ ಭಾರವಾಗಿ ಕಾಲಿಗೆ ಬಡಿಯುತ್ತಿತ್ತು. ನಾನು ಏರಿಯ ಮೇಲೆ ನಿಂತು ನೋಡಿದೆ. ಅದು ಆಟ ಅಂತ ನನಗೆ ಅನ್ನಿಸಲಿಲ್ಲ. ನಾನು ಮಾಸ್ತರ, ಮಕ್ಕಳು ಆಡುವಾಗಿನ ಮುಖ ಯಾವುದು, ಕಲಿಯುವಾಗಿನ ಮುಖ ಯಾವುದು ಎಂಬುದು ನನಗೆ ಗೊತ್ತಾಗುತ್ತದೆ.

ರಿಜಲ್ಟ್ ಚೆನ್ನಾಗಿ ಬಂತು. ಏನು ಓದುತ್ತೀ ಎಂದರೆ ಅವಳು ಮೀನುಗಾರಿಕೆ ಕಾಲೇಜು ಅಂದಳು. ಅದು ಇದ್ದದ್ದು ಮಂಗಳೂರು ಕಡೆ, ಕಡಲ ದಂಡೆಗೆ. ನಮ್ಮ ಜಿಲ್ಲೆಯಿಂದ ರಾಜ್ಯದ ಇನ್ನೊಂದು ತುದಿ. ಮುಂಗಾರು ಹಿಡಿದ ಮೇಲೆ ಸೀಟೂ ಸಿಕ್ಕಿತು.

ಊರಿನ ಚಹಾದಂಗಡಿಯ ಬಸಪ್ಪ ನನ್ನನ್ನು ಕಂಡ ಕೂಡಲೇ ಲೋಟ ತೊಳೆಯುವುದು ಬಿಟ್ಟ.

"ಮಾಸ್ತರ್ರ, ಮೀನ ಹಿಡ್ಯಾಕ ಕಾಲೇಜ್ ಅದ ಅಂತಲ್ರಿ?"

"ಅದ."

"ನಿಮ್ಮ ಮಂದಿ ಕಾಲೇಜ್ ಇಲ್ದ ಇಷ್ಟ ದಿನ ಹಿಡದ್ರಲ್ಲ, ಅವೆಲ್ಲ ಫೇಲಾದ ಮೀನೇನ್ರಿ?"

ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಹೇಳಿದರೆ ರೇಣುಕಾ ಹೊಟ್ಟೆ ಹಿಡಿದು ನಕ್ಕಳು. ದೇವಮ್ಮ ನಗಲಿಲ್ಲ. ಸೀಟು ಸಿಕ್ಕ ದಿನದಿಂದ ಅವಳು ಬೇಕು ಅಂದಿರಲಿಲ್ಲ, ಬೇಡವೂ ಅಂದಿರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಅವತ್ತು ಬಾಯಿ ಬಿಟ್ಟಳು.

"ಆ ಕಾಲೇಜಿನಾಗ ನೀರಿಗಿ ಇಳಸ್ತಾರೇನು?"

"ಇಳಸ್ತಾರವ್ವ. ಬೋಟಿನಾಗ ಕರ್ಕೊಂಡು ಹೋಗ್ತಾರ. ಇಳೀಲಿಲ್ಲಂದ್ರ ಏನ್ ಕಲೀತಾರ?" ರೇಣುಕಾ ಮುಚ್ಚಿಡಲಿಲ್ಲ.

ದೇವಮ್ಮ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.

"ನಾನೂ ಬರ್ತೀನಿ. ಆ ನೀರಿಗಿ ಉಡಿ ಕೊಡ್ತೀನಿ. ಇಸ್ಕೊಂಡ್ರ ನಿನ್ನ ಅಲ್ಲಿ ಬಿಟ್ಟು ಬರ್ತೀನಿ. ಒಲ್ಲೆ ಅಂದ್ರ ಕರ್ಕೊಂಡು ಬರ್ತೀನಿ, ಶಹಾಪುರದಾಗ ಡಿಗ್ರಿ ಮಾಡು. ಆಮ್ಯಾಲ ನೀ ಆಗಲಿ ನಿಮ್ಮಪ್ಪ ಆಗಲಿ ಒಂದ ಮಾತ ಆಡಂಗಿಲ್ಲ."

ರೇಣುಕಾ ನನ್ನ ಮುಖ ನೋಡಿದಳು. ಆಮೇಲೆ, "ಆತವ್ವ," ಅಂದಳು.

ಉಡಿಯ ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ನಮ್ಮವರಲ್ಲಿ ಹೊಸ ಹರಿಗೋಲು ನೀರಿಗಿಳಿಸುವಾಗ, ಮಗಳು ಹೊಳೆ ದಾಟಿ ಗಂಡನ ಮನೆಗೆ ಹೋಗುವಾಗ, ತುಂಬಿದ ಹೊಳೆಗೆ ಯಾರಾದರೂ ಇಳಿಯುವಾಗ ಹೆಣ್ಣುಮಗಳ ಮಡಿಲು ತುಂಬುವ ಹಾಗೆ ಹೊಳೆಗೆ ಉಡಿ ಕೊಡುತ್ತಾರೆ. ಹಸಿರು ಖಣದಲ್ಲಿ, ಅಂದರೆ ರವಿಕೆ ಬಟ್ಟೆಯಲ್ಲಿ, ಅಕ್ಕಿ, ಎಲೆ ಅಡಿಕೆ, ಅರಿಶಿನದ ಕೊಂಬು, ಉತ್ತತ್ತಿ, ಬಳೆ ಹಾಕಿ, ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯ ಜತೆ ಗಂಟು ಕಟ್ಟಿ, ನೀರಿನ ಮೇಲೆ ಮೆಲ್ಲಗೆ ಬಿಡಬೇಕು. ಕಾಯಿ ಗಂಟನ್ನು ತೇಲಿಸಿಕೊಂಡು ಹೋಗುತ್ತದೆ. ಅದು ಕಣ್ಣಿಗೆ ಮರೆಯಾಗುವವರೆಗೆ ದಂಡೆಯಲ್ಲಿ ನಿಂತವರು ಯಾರೂ ಮಾತಾಡಬಾರದು. ಮರೆಯಾದರೆ ಹೊಳೆತಾಯಿ ಗಂಗವ್ವ ಇಸಕೊಂಡಳು ಎಂದು ತಿಳಿಯುವುದು. ದಂಡೆಗೆ ಬಂದು ಹತ್ತಿದರೆ ಒಲ್ಲೆ ಅಂದಳು ಎಂದು; ಆಗ ಎಂಥ ಕೆಲಸವಿದ್ದರೂ ಬಿಟ್ಟು ಮನೆಗೆ ತಿರುಗಬೇಕು.

ಇದನ್ನು ನಾನು ಎಷ್ಟು ನಂಬುತ್ತಿದ್ದೆ ಎಂದು ಖಚಿತವಾಗಿ ಹೇಳಲಾರೆ. ಆದರೆ ಹೊಳೆ ಉಡಿ ತಿರುಗಿಸಿದ್ದನ್ನು ನಾನು ನನ್ನ ಕಣ್ಣಿಂದ ನೋಡಿದ್ದೇ ಇಲ್ಲ. ಹರಿಯುವ ನೀರು, ಒಯ್ಯದೆ ಏನು ಮಾಡುತ್ತದೆ? ಅಷ್ಟು ದೊಡ್ಡ ಕಡಲಂತೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಒಯ್ಯುತ್ತದೆ ಎಂದುಕೊಂಡೆ. ಶರತ್ತು ಸುಲಭದ್ದು ಅನ್ನಿಸಿತು, ಒಪ್ಪಿದೆ. ನಮ್ಮ ಮೂವರಲ್ಲಿ ಒಬ್ಬರೂ ಅಲ್ಲಿಯವರೆಗೆ ಕಡಲು ಕಂಡವರಲ್ಲ.

ಹೊರಡುವ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟು ಎಲ್ಲ ಕಡೆ ನೆಲ್ಲು ಹಚ್ಚುವ ಕೆಲಸ ಜೋರಾಗಿತ್ತು. ನಮ್ಮ ಗದ್ದೆ ನೋಡಿಕೊಳ್ಳಲು ಸಾಬಣ್ಣ ಬಂದು ಉಳಿದ. ದೇವಮ್ಮ ಸಜ್ಜೆಯ ತೆಳ್ಳಗಿನ ಗರಿಗರಿ ಕಟಿರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂದು ಎರಡು ಬಗೆಯ ಚಟ್ನಿಪುಡಿ ಡಬ್ಬಿಗೆ ತುಂಬಿದಳು. ಅದರ ಮೇಲೆ ಕಾಗದದಲ್ಲಿ ಸುತ್ತಿದ ಒಣಮೀನು.

"ಅಕ್ಕ, ಮೀನಿನ ಊರಿಗಿ ಮೀನ ಒಯ್ಯಾಕತ್ತೀಯಲ್ಲ," ಎಂದ ಸಾಬಣ್ಣ.

"ಅದು ಉಪ್ಪ ನೀರಿನ ಮೀನು. ಇದು ಮನಿ ಮೀನು. ನೀ ಸುಮ್ನ ಕೂಡು."

ಶಹಾಪುರದ ಬಸ್ ಸ್ಟ್ಯಾಂಡಿನವರೆಗೆ ಅವನು ಬಂದ. ಬಸ್ಸು ಹೊರಡುವ ಮೊದಲು ಕಿಟಕಿಯಲ್ಲಿ ಕೈ ಹಾಕಿ ರೇಣುಕಾಳಿಗೆ ಏನೋ ಕೊಟ್ಟ. ಬಲೆ ಹೆಣೆಯುವ ಬಿದಿರಿನ ಸೂಜಿ. ಕೈಯಾಡಿ ಆಡಿ ದಂತದ ಹಾಗೆ ನುಣುಪಾಗಿತ್ತು. ಅದು ಅವನ ಅಪ್ಪನದು ಎಂದು ನನಗೂ ದೇವಮ್ಮನಿಗೂ ಗೊತ್ತಿತ್ತು.

"ಇಟ್ಕೋ. ಅಲ್ಲಿನೂ ಬಲಿ ಹರೀತಾವ."

ದೇವಮ್ಮ ಮುಖ ಆಚೆ ತಿರುಗಿಸಿ, ಬುದ್ಧ ಮಲಗಿದ ಹಾಗೆ ಕಾಣುವ ಊರ ಗುಡ್ಡವನ್ನು ನೋಡುತ್ತ ಕೂತಳು. ಉಡಿಯ ಗಂಟು ಅವಳ ತೊಡೆಯ ಮೇಲಿತ್ತು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗಲೂ, ಘಟ್ಟದ ತಿರುವುಗಳಲ್ಲಿ ಕಿಟಕಿಗೆ ತಲೆ ಕೊಟ್ಟಾಗಲೂ ಅದನ್ನು ಕೆಳಗಿಡಲಿಲ್ಲ.

ಕಾಲೇಜಿನ ಕಟ್ಟಡದೊಳಗೆ ಉಪ್ಪು, ಬಣ್ಣ ಮತ್ತು ಔಷಧಿಯ ವಾಸನೆ ಇತ್ತು. ಗಾಜಿನ ಭರಣಿಗಳಲ್ಲಿ ಮೀನುಗಳು ನಿಂತಿದ್ದವು. ನಮ್ಮ ಸರದಿ ಬಂದಾಗ ಮೇಜಿನ ಹಿಂದೆ ಕೂತಿದ್ದ ಪ್ರೊಫೆಸರರು ಮೆತ್ತಗಿನ ದನಿಯಲ್ಲಿ ಕೇಳಿದರು:

"ಯಾದಗಿರಿಯಿಂದ ಬಂದದ್ದಾ? ಅಲ್ಲೆಲ್ಲ ಭಾರಿ ಬಿಸಿಲಲ್ವಾ, ನೀರುಂಟಾ?"

"ಅದರಿ. ಕೃಷ್ಣಾ ಅದ, ಭೀಮಾ ಅದ, ಕೆನಾಲ ಅದ."

"ಮತ್ತೆ ಇಷ್ಟು ದೂರ ಮೀನು ಓದಲಿಕ್ಕೆ ಯಾಕೆ ಬಂದೆ?"

ರೇಣುಕಾ ಕೈ ಹಿಂದೆ ಕಟ್ಟಿಕೊಂಡಿದ್ದಳು.

"ನಮ್ಮ ಕಡಿ ಬ್ಯಾಸಗ್ಯಾಗ ಕೆನಾಲ ನಿಲ್ಲಿಸ್ತಾರ್ರಿ. ಮೀನ ಹೊಂಡದಾಗ ಉಳದು ಸಾಯ್ತಾವ. ಕೊಡದಾಗ ತುಂಬಿ ಬಾವಿಗಿ ಹಾಕಿದ್ರ ಅರ್ಧ ಉಳೀತಾವ, ಅರ್ಧ ಉಳಿಯಂಗಿಲ್ಲ. ಯಾಕ ಅಂತ ನಮ್ಮ ಮಾಮಗೂ ಗೊತ್ತಿಲ್ರಿ. ಅದನ್ನ ಕಲಿಯಾಕ ಬಂದೀನಿ."

ಪ್ರೊಫೆಸರರು ಪೆನ್ನು ಕೆಳಗಿಟ್ಟರು. ಅವಳನ್ನೊಮ್ಮೆ, ಹಿಂದೆ ಗಂಟು ಹಿಡಿದು ನಿಂತಿದ್ದ ದೇವಮ್ಮನನ್ನೊಮ್ಮೆ ನೋಡಿ, "ಒಳ್ಳೆಯದು. ನಮಗೂ ಪೂರಾ ಗೊತ್ತಿಲ್ಲ. ಸೇರಿ ನೋಡುವ," ಎಂದರು.

ನಾನು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಒಂದು ಮಗು ಎದ್ದು ನಿಂತು ತನ್ನ ಪ್ರಶ್ನೆಯನ್ನು ತನ್ನ ಮಾತಿನಲ್ಲೇ ಕೇಳಿದ್ದು ಕಂಡಾಗ ಆಗುವ ಸಂತೋಷ ನನಗೆ ಹೊಸದಲ್ಲ. ಆದರೆ ಅವತ್ತು ಆ ಮಗು ನನ್ನದಾಗಿತ್ತು. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ.

ಹಾಸ್ಟೆಲಿನಲ್ಲಿ ಮಂಚ ತೋರಿಸಿದರು. ಟ್ರಂಕು, ಹಾಸಿಗೆ, ಡಬ್ಬಿ ಇಟ್ಟೆವು. ಆರು ಗಂಟೆಗೆ ಗೇಟು ಹಾಕುತ್ತಾರೆ, ಅಷ್ಟರೊಳಗೆ ಹುಡುಗಿ ಒಳಗಿರಬೇಕು ಎಂದು ವಾರ್ಡನ್ ಹೇಳಿದರು. ದೇವಮ್ಮ ಮಂಚದ ಮೇಲೆ ಹಾಸಿಗೆ ಬಿಡಿಸಲು ಬಿಡಲಿಲ್ಲ. "ಕಟ್ಟಿದ್ದು ಕಟ್ಟಿದಂಗ ಇರ್ಲಿ. ಮೊದಲು ನೀರ ನೋಡೂಣು ನಡೀರಿ," ಅಂದಳು.

ಕಡಲು ಹತ್ತಿರವೇ ಇತ್ತು. ಕಾಣುವ ಮೊದಲೇ ಅದು ಕೇಳಿಸಿತು. ತೆಂಗಿನ ಸಾಲು ದಾಟಿ ಮರಳಿಗೆ ಬಂದಾಗ ನಮ್ಮ ಮೂವರ ಕಾಲೂ ನಿಂತವು. ನಾನು ಆವರೆಗೆ ಎಲ್ಲ ನೀರಿಗೂ ಆಚೆ ದಂಡೆ ಇದ್ದೇ ಇರುತ್ತದೆ ಎಂದು ತಿಳಿದವನು. ಪುಸ್ತಕದಲ್ಲಿ ಓದಿದ್ದು, ಮಕ್ಕಳಿಗೆ ಹೇಳಿಕೊಟ್ಟದ್ದು ಬೇರೆ. ಮಳೆ ಬಿಟ್ಟು ಆಕಾಶ ಬೂದು ಬಣ್ಣವಾಗಿತ್ತು. ಅಲೆಗಳು ದೂರದಲ್ಲಿ ಎದ್ದು, ಹತ್ತಿರ ಬಂದು, ಮುರಿದು, ನೊರೆಯಾಗಿ ನಮ್ಮ ಕಡೆ ಹರಿದು ಬರುತ್ತಿದ್ದವು.

ದೇವಮ್ಮ ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋದಳು. ಊದಿನಕಡ್ಡಿ ಹಚ್ಚಿದಳು, ಗಾಳಿಗೆ ನಿಲ್ಲಲಿಲ್ಲ. ಗಂಟಿಗೆ ಅರಿಶಿನ ಕುಂಕುಮ ಹಚ್ಚಿ, ಹೊಳೆಗೆ ಬಿಡುವ ಹಾಗೆಯೇ ಬಾಗಿ ಎರಡೂ ಕೈಯಿಂದ ಮೆಲ್ಲಗೆ ನೊರೆಯ ಮೇಲೆ ಬಿಟ್ಟಳು. ಇಳಿಯುವ ನೀರು ಅದನ್ನು ಎಳೆದುಕೊಂಡು ಹೋಯಿತು. ಅವಳು ಕೈ ಮುಗಿದು ಹಿಂದೆ ಸರಿದು ನಿಂತಳು. ನಾವೂ ನಿಂತೆವು. ಆ ಹೊತ್ತಿನಿಂದ ಮಾತು ನಿಂತಿತು.

ಹಸಿರು ಗಂಟು ಒಂದು ಅಲೆಯ ಮೇಲೆ ಏರಿತು. ಮರೆಯಾಯಿತು ಅನ್ನುವಷ್ಟರಲ್ಲಿ ಮುಂದಿನ ಅಲೆ ಅದನ್ನು ಹೊತ್ತು ತಂದು ದೇವಮ್ಮನ ಕಾಲಿನ ಹತ್ತಿರ ಮರಳಿಗೆ ಹಾಕಿ ಹೋಯಿತು.

ಯಾರೂ ಮಾತಾಡುವಂತಿಲ್ಲ. ದೇವಮ್ಮ ನೋಡುತ್ತ ನಿಂತಿದ್ದಳು. ಇನ್ನೊಂದು ಅಲೆ ಬಂತು, ಎಳೆದುಕೊಂಡಿತು, ನಾನು ಉಸಿರು ಬಿಟ್ಟೆ. ಮತ್ತೆ ತಂದು ಹಾಕಿತು. ಈ ಸಲ ಗಂಟು ಬಿಚ್ಚಿತ್ತು. ಕಾಯಿ ಒಂದು ಕಡೆ, ಖಣ ಒಂದು ಕಡೆ. ಅಕ್ಕಿ ಮರಳಿನಲ್ಲಿ ಸೇರಿಹೋಯಿತು.

ಚುರುಮುರಿ ಮಾರುವವನೊಬ್ಬ ಬುಟ್ಟಿ ಹೊತ್ತು ನಮ್ಮ ಹತ್ತಿರ ಬಂದ.

"ಮುಂದೆ ಹೋಗ್ಬೇಡಿ ಆಯ್ತಾ, ಅಲೆ ಜೋರುಂಟು," ಎಂದ. ನಾವು ಮಾತಾಡಲಿಲ್ಲ. "ಎಲ್ಲಿಂದ ಬಂದದ್ದು ನೀವು?" ನಾನು ಕೈ ಎತ್ತಿ ಪೂರ್ವದ ಕಡೆ ತೋರಿಸಿದೆ. ಅವನು ರೇಣುಕಾಳನ್ನು ನೋಡಿದ, ಅವಳು ನೆಲ ನೋಡಿದಳು. ದೇವಮ್ಮನನ್ನು ನೋಡಿದ, ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ. "ಪಾಪ, ಮೂರು ಜನಕ್ಕೂ ಮಾತು ಬರುವುದಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಒಂದು ಪೊಟ್ಟಣ ಕೊಳ್ಳಿ ಎಂದೂ ಒತ್ತಾಯ ಮಾಡದೆ ಹೋದ. ಬೇರೆ ದಿನವಾಗಿದ್ದರೆ ನಗು ತಡೆಯಲು ಆಗುತ್ತಿರಲಿಲ್ಲ.

ಮೂರನೇ ಸಲ ಖಣ ಒಂದೇ ಬಂತು. ಬಂದು ದೇವಮ್ಮನ ಪಾದಕ್ಕೆ ಸುತ್ತಿಕೊಂಡಿತು.

ಆಗ ನಾನು ರೇಣುಕಾಳ ಕಡೆ ನೋಡಿದೆ. ಅವಳು ಅಳಲಿಲ್ಲ. ಅವ್ವನ ಕಡೆ ಕೈ ಚಾಚಲಿಲ್ಲ. ಮರಳಿನ ಮೇಲಿದ್ದ ತನ್ನ ಚಪ್ಪಲಿ ಎತ್ತಿ, ಒಂದಕ್ಕೊಂದು ಬಡಿದು ಮರಳು ಉದುರಿಸಿ, ಹಾಕಿಕೊಂಡಳು. ಕೈಚೀಲ ಹೆಗಲಿಗೇರಿಸಿದಳು. ಆಮೇಲೆ ಹಾಸ್ಟೆಲಿಗೆ ಬೆನ್ನು ಮಾಡಿ, ಬಸ್ಸಿನ ದಾರಿಯ ಕಡೆ ಮುಖ ಮಾಡಿ ನಿಂತಳು. ಮಾತು ಕೊಟ್ಟಿದ್ದಳು, ಅದರಂತೆ ನಿಂತಿದ್ದಳು, ಅಷ್ಟೇ. ಹದಿನೆಂಟು ತುಂಬದ ಹುಡುಗಿ. ಅವಳ ಬಗ್ಗೆ ನನಗೆ ಅತಿ ಹೆಚ್ಚು ಹೆಮ್ಮೆಯಾದ ಗಳಿಗೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಪ್ರೊಫೆಸರರ ಮೇಜಿನ ಮುಂದಿನದನ್ನು ಹೇಳುವುದಿಲ್ಲ, ಇದನ್ನು ಹೇಳುತ್ತೇನೆ.

ದೇವಮ್ಮ ಬಾಗಿ ಖಣ ಎತ್ತಿಕೊಂಡಳು. ಹಿಂಡಿದಳು. ಮಗಳ ಬೆನ್ನನ್ನು ನೋಡಿದಳು, ನೀರನ್ನು ನೋಡಿದಳು. ಮೊದಲು ಮಾತಾಡಿದವಳು ಅವಳೇ.

"ನಮ್ಮಪ್ಪ ಹ್ವಾದ ದಿನಾನೂ ಉಡಿ ಕೊಟ್ಟಿದ್ವಿ."

ನಾನು ತಿರುಗಿದೆ. ಈ ಮಾತು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ನಾನೇ ಬಿಟ್ಟಿದ್ದೆ. ಅವ್ವ ನನ್ನ ಕೈಯಾಗ ಕೊಟ್ಟಿದ್ಲು. ಹೊಳಿ ಎಷ್ಟ ಚಂದಂಗ ಇಸ್ಕೊಂತಂದ್ರ, ರೆಪ್ಪಿ ಬಡಿಯೋದ್ರಾಗ ಕಾಣದಂಗ ಆತು. ಇಸ್ಕೊಂಡ್ಲು ಅಂತ ಅಪ್ಪ ನಕ್ಕೋತ ಹರಿಗೋಲ ಹತ್ತಿದ." ಅವಳ ದನಿ ಸಂತೆಯ ಲೆಕ್ಕ ಹೇಳುವಷ್ಟು ಸಮವಾಗಿತ್ತು. "ಇಸ್ಕೊಂಡಿದ್ದು ಇಸ್ಕೊಂಡ ಬಿಡ್ತು. ಉಡಿನೂ ಕೊಡಲಿಲ್ಲ, ಅಪ್ಪನ್ನೂ ಕೊಡಲಿಲ್ಲ."

ಅಲೆ ಬಂದು ನಮ್ಮ ಕಣಕಾಲು ತೋಯಿಸಿ ಹೋಯಿತು. ಅದರ ಹಿಂದೆಯೇ ತೆಂಗಿನಕಾಯಿಯೂ ಉರುಳಿಕೊಂಡು ಬಂದು ಮರಳಿಗೆ ಹತ್ತಿತು. ದೇವಮ್ಮ ಅದನ್ನು ನೋಡಿದಳು. ಬಾಯಿಯ ಒಂದು ಬದಿ ಸ್ವಲ್ಪ ಸಡಿಲವಾಯಿತು.

"ಇದು ನೋಡ್ರಿ, ಕಾಯಿ ಸುದ್ದ ಇಟ್ಕೊಳ್ಳವಲ್ದು. ಕೊಟ್ಟಿದ್ದೆಲ್ಲ ತಂದು ಕೊಡ್ತದ."

ರೇಣುಕಾ ತಿರುಗಿದಳು. ದೇವಮ್ಮ ಒದ್ದೆ ಖಣವನ್ನು ಮಡಿಚಿ ಅವಳ ಕೈಗೆ ಹಾಕಿ ಮುಷ್ಟಿ ಮುಚ್ಚಿದಳು.

"ಇಟ್ಕೋ. ಜಲ್ದಿ ನಡಿ, ಆರಕ್ಕ ಗೇಟ್ ಹಾಕ್ತಾರಂತ."

ದಾರಿಯುದ್ದಕ್ಕೂ ದೇವಮ್ಮನೇ ಮುಂದಿದ್ದಳು. ಹಾಸ್ಟೆಲಿಗೆ ಹೋಗಿ ತಾನೇ ಹಾಸಿಗೆಯ ಹಗ್ಗ ಬಿಚ್ಚಿ ಹಾಸಿದಳು. ಪಕ್ಕದ ಮಂಚದ ಹುಡುಗಿಗೆ, "ನಮ್ಮಾಕಿ ನಿದ್ದಿಗಣ್ಣಾಗ ಮಾತಾಡ್ತಾಳವ್ವ, ಅಂಜಬ್ಯಾಡ," ಎಂದು ಹೇಳಿ ಎರಡು ಕಟಿರೊಟ್ಟಿ ಕೊಟ್ಟಳು. ಆ ಕರಾವಳಿಯ ಹುಡುಗಿ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಹಪ್ಪಳವಾ ಆಂಟಿ?" ಎಂದಳು. ಗೇಟಿನ ಹೊರಗೆ ಬಂದ ಮೇಲೆ ದೇವಮ್ಮ ಹಿಂತಿರುಗಿ ನೋಡಲಿಲ್ಲ. ನಾನು ನೋಡಿದೆ. ರೇಣುಕಾ ಸರಳಿನ ಆಚೆ, ಒದ್ದೆ ಖಣ ಹಿಡಿದ ಕೈಯನ್ನೇ ಎತ್ತಿ ಬೀಸುತ್ತಿದ್ದಳು.

ಬಸ್ಸು ಘಟ್ಟ ಹತ್ತಿತು. ದೇವಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಆ ಮಾಸ್ತರ ಪೆನ್ನ ಕೆಳಗಿಟ್ರಲ್ಲ, ನೋಡಿದ್ರಿಲ್ಲ?" ಎಂದು ಕೇಳಿದಳು. ನೋಡಿದೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು.

ನಾವು ಊರು ಮುಟ್ಟುವಷ್ಟರಲ್ಲಿ ಸಾಬಣ್ಣ ನೆಲ್ಲು ಹಚ್ಚಿಸಿ ಮುಗಿಸಿದ್ದ. ನಾವಿಬ್ಬರೇ ಇಳಿದದ್ದು ಕಂಡು ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮರುದಿನ ಬಸಪ್ಪನ ಅಂಗಡಿಯಲ್ಲಿ ಅವನೇ ಎಲ್ಲರಿಗೂ ಚಹಾ ಹೇಳಿದನಂತೆ. ಆ ಮಳೆಗಾಲವೆಲ್ಲ ಮಗಳ ಫೋನು ಬಂದರೆ ದೇವಮ್ಮ ಊಟದ ಸುದ್ದಿ ಕೇಳುವ ಮೊದಲು ಒಂದೇ ಪ್ರಶ್ನೆ ಕೇಳುವಳು: "ನೀರಿಗಿ ಇಳಿದಿದ್ದೇನು?" ಇಳಿದಿದ್ದೆ ಎಂದರೆ, "ತಿರುಗಿ ಬಂದಿ ಇಲ್ಲ ಮತ್ತ," ಎಂದು ತಾನೇ ಉತ್ತರವನ್ನೂ ಹೇಳುವಳು.

ಸಂಕ್ರಾಂತಿಯ ರಜೆಗೆ ರೇಣುಕಾ ಬಂದಳು. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ದೇವಮ್ಮ ಅವಳನ್ನು ನೆತ್ತಿಯಿಂದ ಪಾದದವರೆಗೆ ನೋಡಿ, "ಡಬ್ಬಿ ಎಲ್ಲಿ?" ಎಂದಳು. ಮಗಳು ಕಪ್ಪಾಗಿದ್ದಳು. ಕೈ ಗಟ್ಟಿಯಾಗಿತ್ತು. ಮಾತಿನಲ್ಲಿ ಅಲ್ಲಲ್ಲಿ "ಉಂಟು" ಸೇರಿತ್ತು. ಸಾಬಣ್ಣ ಅದನ್ನೇ ಹಿಡಿದು ಎರಡು ದಿನ ಅವಳನ್ನು ಕಾಡಿದ.

ಮರುದಿನ ಬೆಳಗ್ಗೆ ಚೀಲ ಬಿಚ್ಚುವಾಗ ಆ ಖಣ ಹೊರಬಂತು. ಉಪ್ಪು ಹತ್ತಿ ಅಂಚಿನಲ್ಲಿ ಬಿಳಿ ಗೆರೆಗಳಾಗಿದ್ದವು, ಬಟ್ಟೆ ಬಿರುಸಾಗಿತ್ತು. ಅವಳು ಅದನ್ನು ಅಲ್ಲಿ ಒಗೆದಿರಲಿಲ್ಲ. ದೇವಮ್ಮ ಖಣವನ್ನು ಬೆಳಕಿಗೆ ಹಿಡಿದು ನೋಡಿದಳು. ಬೋರಿನ ಕಡೆ ಹೋಗುತ್ತಾಳೆ ಎಂದುಕೊಂಡೆ. ಅವಳು ಓಣಿ ದಾಟಿ ಕಾಲುವೆಯ ಕಡೆ ನಡೆದಳು. ನಾನೂ ರೇಣುಕಾಳೂ ಹಿಂದೆ ಹೋದೆವು.

ಎರಡನೇ ಬೆಳೆಗೆ ಬಿಟ್ಟ ನೀರು ಏರಿಯ ಕಲ್ಲು ತಾಗಿ ಹರಿಯುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ದೇವಮ್ಮ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿದು ಕೂತಳು. ಖಣವನ್ನು ನೀರಿಗೆ ಅದ್ದಿದಳು. ಹರಿವು ಅದನ್ನು ಎಳೆಯಿತು, ಬಟ್ಟೆ ಉದ್ದಕ್ಕೆ ಚಾಚಿಕೊಂಡಿತು. ಅವಳು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು, ಗೆಣ್ಣುಗಳು ಬೆಳ್ಳಗಾಗಿದ್ದವು.

"ಬಿಡವ್ವ, ಹರಕೊಂಡು ಹೋಗ್ಲಿ. ಹಳೇದಾಗ್ಯದ," ಎಂದಳು ರೇಣುಕಾ ಮೇಲಿನಿಂದ.

"ಇದು ಹೊಳಿ ನೀರು. ಬಿಟ್ರ ಹೋತು."

ಉಪ್ಪು ಬಿಡುವವರೆಗೆ ತಿಕ್ಕಿದಳು, ಹಿಂಡಿದಳು, ಜಾಡಿಸಿದಳು. ಮೇಲೆ ಹತ್ತಿ ಬಂದು ಮಗಳ ಹೆಗಲ ಮೇಲೆ ಹಾಕಿದಳು.

"ಒಣಗಿಸಿ ಚೀಲದಾಗ ಇಟ್ಕೋ. ತಿರುಗಿ ಹೋಗುವಾಗ ಒಯ್ಯಿ. ಆ ನೀರಿಗಿ ಗುರ್ತ ಇರ್ಲಿ."